ಇಂಗ್ಲೆಂಡಿನ ಊರೊಂದರ ಇತಿಹಾಸ ಹುಡುಕುವ ಬಗೆ: ಸ್ವಿಂಡನ್ ಪಟ್ಟಣವನ್ನು ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಇಂಗ್ಲೆಂಡಿನ ತೀರಾ ಸಾಧಾರಣ ಪಟ್ಟಣದ ಬಗ್ಗೆಯೂ ಶತಮಾನಗಳ ಕಾಗದಪತ್ರ ಉಳಿದಿರುತ್ತದೆ. ಕಷ್ಟವೆಂದರೆ ಅದು ಒಂದೆಡೆ ಇರುವುದಿಲ್ಲ. ಒಂದೇ ಬೀದಿಯ ಕಥೆ ಊರಿನ ಗ್ರಂಥಾಲಯ, ಜಿಲ್ಲೆಯ ಪತ್ರಾಗಾರ, ಲಂಡನ್ನಿನ ರಾಷ್ಟ್ರೀಯ ದಾಖಲಾಗಾರ ಮತ್ತು ಯಾವುದೋ ವಿಶ್ವವಿದ್ಯಾಲಯದ ನೆಲಮಾಳಿಗೆಯ ನಡುವೆ ಹಂಚಿಹೋಗಿರುತ್ತದೆ. ನಮ್ಮಲ್ಲಿ ಹಳೆಯ ಜಮೀನಿನ ಪತ್ರಗಳನ್ನು ತಡಕಾಡಿದವರಿಗೆ ಗೊತ್ತಿರುವಂತೆ, ಶಾನುಭೋಗರು ಲೆಕ್ಕ ಬರೆದದ್ದು ಕಂದಾಯ ವಸೂಲಿಗಾಗಿ. ಊರಿನ ಚರಿತ್ರೆ ಅದರಲ್ಲಿ ಉಳಿದುಕೊಂಡದ್ದು ಆಕಸ್ಮಿಕ. ಇಂಗ್ಲೆಂಡಿನ ದಾಖಲೆಗಳ ಮಾತೂ ಅದೇ. ತೆರಿಗೆ ವಸೂಲಿಗೆ, ಬಡವರ ಖರ್ಚನ್ನು ಯಾವ ಊರು ಹೊರಬೇಕೆಂದು ತೀರ್ಮಾನಿಸಲಿಕ್ಕೆ, ಕಾರ್ಮಿಕನಿಗೆ ಕೂಲಿ ಕೊಡಲಿಕ್ಕೆ ಯಾರೋ ಬರೆದಿಟ್ಟದ್ದನ್ನು ನಾವು ಇತಿಹಾಸವೆಂದು ಓದುತ್ತೇವೆ. ಹಾಗಾಗಿ ಹುಡುಕಾಟದ ಪ್ರತಿ ಹಂತದಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದನ್ನು ಬರೆದಿಡುವ ಅಗತ್ಯ ಯಾರಿಗಿತ್ತು?

ಉದಾಹರಣೆಗೆ ಸ್ವಿಂಡನ್ ಪಟ್ಟಣವನ್ನು ಆರಿಸಿಕೊಂಡಿದ್ದೇನೆ. 1841ರಲ್ಲಿ ಇಲ್ಲಿದ್ದವರು ಸುಮಾರು ಎರಡೂವರೆ ಸಾವಿರ ಜನ. 1901ರ ಹೊತ್ತಿಗೆ ಸುಮಾರು 45 ಸಾವಿರ. ನಡುವೆ ಬಂದದ್ದು ಗ್ರೇಟ್ ವೆಸ್ಟರ್ನ್ ರೈಲ್ವೆಯ ಕಾರ್ಖಾನೆ. 1843ರಲ್ಲಿ ಶುರುವಾಗಿ, ಉಚ್ಛ್ರಾಯದ ಕಾಲದಲ್ಲಿ 14 ಸಾವಿರದಷ್ಟು ಜನರಿಗೆ ಕೆಲಸ ಕೊಟ್ಟು, 1986ರಲ್ಲಿ ಅದು ಮುಚ್ಚಿತು. ನೀವಿರುವುದು ರೆಡಿಂಗ್‌ನಲ್ಲೋ ಕೊವೆಂಟ್ರಿಯಲ್ಲೋ ಆದರೂ ದಾರಿ ಇದೇ. ಜಿಲ್ಲೆಯ ಹೆಸರುಗಳನ್ನು ಬದಲಿಸಿಕೊಂಡರೆ ಸಾಕು.

ಮೊದಲು ಪ್ರಶ್ನೆಯನ್ನು ಕಿರಿದಾಗಿಸಿ

"ಸ್ವಿಂಡನ್‌ನ ಇತಿಹಾಸ ಬೇಕು" ಎಂದು ಗ್ರಂಥಾಲಯದ ಮೇಜಿನ ಮುಂದೆ ನಿಂತರೆ ಸಿಬ್ಬಂದಿ ನಯವಾಗಿಯೇ ಒಂದು ಕಪಾಟು ತೋರಿಸಿ ಸುಮ್ಮನಾಗುತ್ತಾರೆ. ಒಂದು ಬೀದಿ, ಒಂದು ಕಟ್ಟಡ, ಒಂದು ದಶಕ ಆರಿಸಿಕೊಂಡು ಹೋಗಿ. ಈ ಬರಹದ ಮಟ್ಟಿಗೆ ಕ್ಯಾಂಬ್ರಿಯಾ ಪ್ಲೇಸ್ ಎಂಬ ಸಣ್ಣ ಬೀದಿಯನ್ನು ಹಿಡಿಯೋಣ. ಕ್ಯಾಂಬ್ರಿಯಾ ಎಂದರೆ ವೇಲ್ಸ್. ಇಂಗ್ಲಿಷ್ ಪಟ್ಟಣದ ನಡುವೆ ವೇಲ್ಸಿನ ಹೆಸರು ಏಕೆ ಬಂತು? ಪ್ರಶ್ನೆ ಇಷ್ಟು ಚಿಕ್ಕದಾದರೆ ಉತ್ತರವೂ ಕೈಗೆ ಸಿಗುತ್ತದೆ.

ಗಡಿಗಳನ್ನು ಬರೆದುಕೊಳ್ಳಿ

ಹೊಸಬರು ಹೆಚ್ಚು ಎಡವುವುದು ಇಲ್ಲಿ. ಇಂಗ್ಲೆಂಡಿನಲ್ಲಿ ಒಂದೇ ಮನೆ ಏಕಕಾಲಕ್ಕೆ ಒಂದು ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರು), ಒಂದು ಬಡವರ ಒಕ್ಕೂಟ (ಬಡವರ ಖರ್ಚನ್ನು ಸೇರಿ ಹೊರುವ ಪ್ಯಾರಿಷ್‌ಗಳ ಗುಂಪು), ಒಂದು ನೋಂದಣಿ ಜಿಲ್ಲೆ, ಒಂದು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಮತ್ತು ಒಬ್ಬ ಬಿಷಪ್‌ನ ವ್ಯಾಪ್ತಿಗೆ ಸೇರಿರುತ್ತಿತ್ತು. ಇವುಗಳ ಗಡಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಮೇಲಿಂದ ಮೇಲೆ ಬದಲಾಗುತ್ತಲೂ ಇದ್ದವು.

ಹತ್ತೊಂಬತ್ತನೆಯ ಶತಮಾನದಲ್ಲಿ ಸ್ವಿಂಡನ್‌ನಲ್ಲಿ ಹುಟ್ಟಿದ ಮಗುವಿನ ನೋಂದಣಿಯನ್ನು ಸ್ವಿಂಡನ್ ಹೆಸರಿನಡಿ ಹುಡುಕಿದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಆ ಶತಮಾನದ ಕೊನೆಯವರೆಗೂ ನೋಂದಣಿ ಜಿಲ್ಲೆಯ ಹೆಸರು ಪಕ್ಕದ ಹೈವರ್ತ್ ಎಂಬ ಪುಟ್ಟ ಊರಿನದು. ಬಡವರ ದುಡಿಮೆ ಮನೆ ಇದ್ದದ್ದು ಸ್ಟ್ರಾಟನ್ ಸೇಂಟ್ ಮಾರ್ಗರೆಟ್‌ನಲ್ಲಿ. ಆಡಳಿತದಲ್ಲಿ ಊರೇ ಎರಡಾಗಿತ್ತು: ಬೆಟ್ಟದ ಮೇಲಿನ ಹಳೆಯ ಸಂತೆಯೂರು ಒಂದು, ಕೆಳಗಿನ ರೈಲ್ವೆ ಬಡಾವಣೆ ಇನ್ನೊಂದು. 1864ರಲ್ಲಿ ಎರಡಕ್ಕೂ ಪ್ರತ್ಯೇಕ ಸ್ಥಳೀಯ ಮಂಡಳಿಗಳಾದವು. 1900ರಲ್ಲಿ ಒಂದುಗೂಡಿ ಬರೋ, ಅಂದರೆ ಪುರಸಭೆಯುಳ್ಳ ಪಟ್ಟಣ, ಆಯಿತು. ಹಾಗಾಗಿ 1880ರ ಚರಂಡಿಯೊಂದರ ಬಗ್ಗೆ ಹುಡುಕುವವರು ಯಾವ ಮಂಡಳಿಯ ನಡಾವಳಿ ಪುಸ್ತಕ ತೆರೆಯಬೇಕೆಂದು ಮೊದಲೇ ತಿಳಿದಿರಬೇಕು.

ಚರ್ಚಿನ ವಿಷಯದಲ್ಲೂ ಇದೇ ಗೋಜಲು. ಹಳೆಯ ಪ್ಯಾರಿಷ್ ಚರ್ಚು ಹೋಲಿ ರೂಡ್. ಅದರ ಸ್ಥಾನಕ್ಕೆ 1851ರಲ್ಲಿ ಕ್ರೈಸ್ಟ್ ಚರ್ಚ್ ಬಂತು. ರೈಲ್ವೆ ಕಾರ್ಮಿಕರಿಗೆಂದು 1845ರಲ್ಲೇ ಸೇಂಟ್ ಮಾರ್ಕ್ಸ್ ಕಟ್ಟಿಯಾಗಿತ್ತು. ವೇಲ್ಸಿನಿಂದ ಬಂದ ಬ್ಯಾಪ್ಟಿಸ್ಟರು ಬೇರೆ ಪಂಥದವರಾದ್ದರಿಂದ ಈ ಯಾವ ಚರ್ಚಿನಲ್ಲೂ ದೀಕ್ಷಾಸ್ನಾನ ಮಾಡಿಸಿರಲಾರರು. ಅವರಿಗೆ ಕ್ಯಾಂಬ್ರಿಯಾ ಪ್ಲೇಸ್‌ನಲ್ಲೇ 1866ರಲ್ಲಿ ತಮ್ಮ ಪ್ರಾರ್ಥನಾಮಂದಿರವಾಯಿತು.

ಬೀದಿಗಳ ಹೆಸರೂ ಬದಲಾಗಿವೆ. ರೈಲ್ವೆ ಬಡಾವಣೆಯ ಬಾತಾಂಪ್ಟನ್ ಸ್ಟ್ರೀಟ್ ಮೊದಲು ಬಾತ್ ಸ್ಟ್ರೀಟ್ ಆಗಿತ್ತು. ಎಮ್ಲಿನ್ ಸ್ಕ್ವೇರ್ ಮೊದಲು ಹೈ ಸ್ಟ್ರೀಟ್. ಮನೆ ಸಂಖ್ಯೆಗಳನ್ನಂತೂ ನಂಬಲೇಬೇಡಿ. ಇದನ್ನೆಲ್ಲ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ ಸದಾ ಜೊತೆಗಿಟ್ಟುಕೊಳ್ಳಿ. ಬೇಸರದ ಕೆಲಸವೇ, ಆದರೆ ಮುಂದೆ ವಾರಗಟ್ಟಲೆ ಸಮಯ ಉಳಿಸುತ್ತದೆ.

ಈಗಾಗಲೇ ಬರೆದದ್ದನ್ನು ಓದಿ

ಇಂಗ್ಲೆಂಡಿನ ಜಿಲ್ಲೆಗಳ ಚರಿತ್ರೆಯನ್ನು ಪ್ಯಾರಿಷ್ ಪ್ಯಾರಿಷ್ ಆಗಿ ಬರೆಯುವ ವಿಕ್ಟೋರಿಯಾ ಕೌಂಟಿ ಹಿಸ್ಟರಿ ಎಂಬ ಯೋಜನೆ 1899ರಲ್ಲಿ ಶುರುವಾಗಿ ಇನ್ನೂ ಮುಗಿದಿಲ್ಲ. ಸ್ವಿಂಡನ್‌ನ ಅಧ್ಯಾಯವಿರುವುದು ಅದರ ಕೌಂಟಿಯಾದ ವಿಲ್ಟ್‌ಶೈರ್‌ನ ಮಾಲೆಯ ಒಂಬತ್ತನೆಯ ಸಂಪುಟದಲ್ಲಿ, 1970ರ ಪ್ರಕಟಣೆ. ಬ್ರಿಟಿಷ್ ಹಿಸ್ಟರಿ ಆನ್‌ಲೈನ್ ಜಾಲತಾಣದಲ್ಲಿ ಉಚಿತವಾಗಿ ಓದಬಹುದು. ಗದ್ಯ ಒಣಗಿದ ರೊಟ್ಟಿ. ಆದರೆ ಅಡಿಟಿಪ್ಪಣಿಗಳು ಚಿನ್ನ. ಯಾವ ಪತ್ರ ಯಾವ ಕಚೇರಿಯಲ್ಲಿದೆ ಎಂಬುದನ್ನು ಅವು ಸಿದ್ಧಪಟ್ಟಿಯಂತೆ ಕೊಟ್ಟುಬಿಡುತ್ತವೆ.

ಆಮೇಲೆ ಊರಿನ ಕೇಂದ್ರ ಗ್ರಂಥಾಲಯದ ಸ್ಥಳೀಯ ಅಧ್ಯಯನ ವಿಭಾಗಕ್ಕೆ ಹೋಗಿ. ಹೆಚ್ಚಿನ ಪಟ್ಟಣಗಳಲ್ಲಿ ಇಂಥದ್ದೊಂದು ಇರುತ್ತದೆ. ಸ್ವಿಂಡನ್‌ನಲ್ಲಿ ಅದು ರೀಜೆಂಟ್ ಸರ್ಕಸ್‌ನ ಗ್ರಂಥಾಲಯದೊಳಗಿದೆ. ಸಾವಿರಾರು ಹಳೆಯ ಚಿತ್ರಗಳನ್ನು ಫ್ಲಿಕರ್‌ನಲ್ಲಿ ಹಾಕಿರುವುದರಿಂದ ಬೆಂಗಳೂರಿನಲ್ಲಿ ಕೂತವರೂ ನೋಡಬಹುದು. ಅಂಗಡಿಯಲ್ಲಿ ಎಂದೂ ಸಿಗದ ಕಿರುಹೊತ್ತಗೆಗಳು, ಚರ್ಚಿನ ಶತಮಾನೋತ್ಸವ ಸಂಚಿಕೆಗಳು, ಪತ್ರಿಕಾ ತುಣುಕುಗಳ ಕಡತಗಳು ಇಂಥ ಕಡೆಯೇ ಇರುವುದು. ಗ್ರಂಥಾಲಯದ ಸದಸ್ಯತ್ವವನ್ನೂ ಆಗಲೇ ಮಾಡಿಸಿಕೊಳ್ಳಿ. ಮನೆಯಲ್ಲಿ ದುಡ್ಡು ಕೊಟ್ಟು ನೋಡಬೇಕಾದ ಆನ್ಸೆಸ್ಟ್ರಿಯಂಥ ವಂಶಾವಳಿ ತಾಣಗಳನ್ನು ಬಹಳಷ್ಟು ಸಾರ್ವಜನಿಕ ಗ್ರಂಥಾಲಯಗಳ ಗಣಕಯಂತ್ರಗಳಲ್ಲಿ ಉಚಿತವಾಗಿ ತೆರೆಯಬಹುದು.

ಓದುವಾಗ ದಂತಕಥೆಯನ್ನು ಬೇರೆಯಾಗಿಡಿ. ಗ್ರೇಟ್ ವೆಸ್ಟರ್ನ್ ಮಾರ್ಗ ಕಟ್ಟಿದ ಎಂಜಿನಿಯರ್ ಬ್ರೂನೆಲ್ ಮತ್ತು ಅದರ ಎಂಜಿನ್‌ಗಳ ಮೇಲ್ವಿಚಾರಕ ಡೇನಿಯಲ್ ಗೂಚ್ ಬುತ್ತಿ ತಿನ್ನುತ್ತ ಕುಳಿತಿದ್ದಾಗ ಬ್ರೂನೆಲ್ ಎಸೆದ ಕಲ್ಲೋ ಸ್ಯಾಂಡ್‌ವಿಚ್ಚೋ ಬಿದ್ದ ಜಾಗದಲ್ಲಿ ಕಾರ್ಖಾನೆ ಎದ್ದಿತೆಂದು ಸ್ವಿಂಡನ್‌ನಲ್ಲಿ ಹೇಳುತ್ತಾರೆ. ದಾಖಲೆ ಹೇಳುವುದು ಬೇರೆ. 1840ರ ಸೆಪ್ಟೆಂಬರ್ 13ರಂದು, ಇಪ್ಪತ್ತನಾಲ್ಕರ ಹರೆಯದ ಗೂಚ್ ಬ್ರೂನೆಲ್‌ಗೆ ಪತ್ರ ಬರೆದು ಈ ಜಾಗವನ್ನು ಶಿಫಾರಸು ಮಾಡಿದ: ಚೆಲ್ಟೆನ್‌ಹ್ಯಾಮ್ ಮಾರ್ಗ ಕೂಡುವ ತಾಣ, ಎಂಜಿನ್ ಬದಲಿಸಲು ಅನುಕೂಲ, ಕಾಲುವೆಯ ಮೂಲಕ ಕಲ್ಲಿದ್ದಲು. ದಂತಕಥೆಯನ್ನು ಬಿಸಾಡಬೇಕಿಲ್ಲ, ಅದನ್ನು ಜನ ಏಕೆ ಹೇಳುತ್ತ ಬಂದರೆಂಬುದೂ ಇತಿಹಾಸವೇ. ಕಾರಣದ ಜಾಗದಲ್ಲಿ ಅದನ್ನು ಕೂರಿಸಬಾರದು ಅಷ್ಟೆ.

ನಕ್ಷೆಗಳನ್ನು ಒಂದರ ಮೇಲೊಂದು ಹಾಸಿ

ಖರ್ಚಿಲ್ಲದೆ ಅತಿ ಹೆಚ್ಚು ಫಲ ಕೊಡುವ ಹಂತ ಇದು. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ, ಹೆಸರು ನೋಡಿ ಮೋಸಹೋಗಬೇಡಿ, ಇಂಗ್ಲೆಂಡಿನ ಹಳೆಯ ಆರ್ಡ್‌ನೆನ್ಸ್ ಸರ್ವೆ (ಸರ್ಕಾರಿ ಭೂಮಾಪನ ಸಂಸ್ಥೆಯ) ನಕ್ಷೆಗಳೂ ಉಚಿತವಾಗಿವೆ. ಪರದೆಯನ್ನು ಎರಡಾಗಿ ಸೀಳಿ ಎಡಕ್ಕೆ ಹಳೆಯ ನಕ್ಷೆ, ಬಲಕ್ಕೆ ಇಂದಿನ ಉಪಗ್ರಹ ಚಿತ್ರ ಇಟ್ಟುಕೊಳ್ಳಬಹುದು. ಮೈಲಿಗೆ 25 ಇಂಚಿನ ನಕ್ಷೆಯಲ್ಲಿ ಒಂದೊಂದು ಮನೆಯ ಆಕಾರವೂ ಕಾಣುತ್ತದೆ. ಪಶ್ಚಿಮ ಇಂಗ್ಲೆಂಡಿಗೆಂದೇ ಇರುವ ‘ನೋ ಯುವರ್ ಪ್ಲೇಸ್’ ತಾಣ ವಿಲ್ಟ್‌ಶೈರನ್ನೂ ಒಳಗೊಳ್ಳುತ್ತದೆ.

1836ರ ಕಾಯ್ದೆಯ ನಂತರ ತಯಾರಾದ ಟೈಥ್ ನಕ್ಷೆಗಳ ಬಗ್ಗೆ ವಿಶೇಷವಾಗಿ ಹೇಳಬೇಕು. ಚರ್ಚಿಗೆ ಬೆಳೆಯ ಹತ್ತನೆಯ ಒಂದು ಪಾಲನ್ನು ಕೊಡುವ ಪದ್ಧತಿಯನ್ನು ಹಣಕ್ಕೆ ಬದಲಾಯಿಸಲು ಇವನ್ನು ಬರೆದರು. ಪ್ರತಿ ತುಂಡು ನೆಲಕ್ಕೂ ಸಂಖ್ಯೆ. ಜೊತೆಗಿನ ಪಟ್ಟಿಯಲ್ಲಿ ಒಡೆಯ, ಅನುಭೋಗದಾರ, ಹೊಲದ ಹೆಸರು, ಬಳಕೆ, ವಿಸ್ತೀರ್ಣ. ರೈಲ್ವೆ ಬಂದ ಆಸುಪಾಸಿನ ಕಾಲದ್ದಾದ್ದರಿಂದ ಬಡಾವಣೆಗಳ ಕೆಳಗೆ ಯಾರ ಹುಲ್ಲುಗಾವಲಿತ್ತೆಂದು ಅವುಗಳಿಂದ ತಿಳಿಯುತ್ತದೆ. ಇನ್ನೂ ಹಿಂದಕ್ಕೆ ಹೋಗಲು 1773ರ ಆ್ಯಂಡ್ರೂಸ್ ಮತ್ತು ಡ್ಯೂರಿಯವರ ವಿಲ್ಟ್‌ಶೈರ್ ನಕ್ಷೆಯಿದೆ. ಮುಂದಕ್ಕೆ ಬಂದರೆ 1910ರ ಭೂಮೌಲ್ಯ ಸಮೀಕ್ಷೆ: ತೆರಿಗೆಗಾಗಿ ಅಧಿಕಾರಿಗಳು ಮನೆಮನೆಗೆ ಹೋಗಿ ಬರೆದ ವಿವರಗಳು ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ರಾಷ್ಟ್ರೀಯ ದಾಖಲಾಗಾರದ ಐಆರ್ 58 ಸರಣಿಯಲ್ಲಿವೆ.

ನಕ್ಷೆ ನೋಡಿದ ಮೇಲೆ ಕಾಲ್ನಡಿಗೆಯಲ್ಲಿ ಹೊರಡಿ. ಸ್ವಿಂಡನ್‌ನ ಅಂಗಡಿ ಸಾಲಿಗೆ ಕೆನಾಲ್ ವಾಕ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. 1914ರಲ್ಲಿ ಕೈಬಿಟ್ಟ ವಿಲ್ಟ್ಸ್ ಆ್ಯಂಡ್ ಬರ್ಕ್ಸ್ ಕಾಲುವೆ ಅಲ್ಲೇ ಹರಿಯುತ್ತಿತ್ತು.

ಜನರನ್ನು ಹುಡುಕಿ

ಜನಗಣತಿಯ ಹೆಸರುಸಹಿತ ವಿವರಗಳು 1841ರಿಂದ 1921ರವರೆಗೆ ಹತ್ತು ವರ್ಷಕ್ಕೊಮ್ಮೆಯಂತೆ ಸಿಗುತ್ತವೆ. ನೂರು ವರ್ಷ ಮುಚ್ಚಿಟ್ಟ ಮೇಲೆಯೇ ಬಿಡುಗಡೆ. ಮುಂದಿನದಕ್ಕೆ ಕಾಯುವುದು ವ್ಯರ್ಥ: 1931ರ ಗಣತಿ 1942ರ ಬೆಂಕಿಯಲ್ಲಿ ಸುಟ್ಟುಹೋಯಿತು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ಆ ಖಾಲಿ ಜಾಗವನ್ನು ಒಂದಿಷ್ಟು ತುಂಬುವುದು 1939ರ ಸೆಪ್ಟೆಂಬರ್ 29ರಂದು ಗುರುತಿನ ಚೀಟಿಗಾಗಿ ಮಾಡಿದ ನೋಂದಣಿ.

1841ರ ಗಣತಿಯನ್ನು ಎಚ್ಚರದಿಂದ ಓದಿ. ಹದಿನೈದು ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಗುಣಕಕ್ಕೆ ಇಳಿಸಿ ಬರೆದಿದ್ದಾರೆ. ಮನೆಯಲ್ಲಿ ಯಾರಿಗೆ ಯಾರು ಏನಾಗಬೇಕೆಂಬುದು ಇಲ್ಲ. ಹುಟ್ಟೂರಿನ ಬದಲು ಇದೇ ಕೌಂಟಿಯಲ್ಲಿ ಹುಟ್ಟಿದರೇ ಇಲ್ಲವೇ, ಸ್ಕಾಟ್ಲೆಂಡ್, ಐರ್ಲೆಂಡ್ ಅಥವಾ ಪರದೇಶದವರೇ ಎಂಬುದಷ್ಟೇ ಇದೆ. 1851ರಿಂದ ಸಂಬಂಧ, ವಯಸ್ಸು, ಹುಟ್ಟಿದ ಪ್ಯಾರಿಷ್ ಮೂರೂ ಬರುತ್ತವೆ. ನಮ್ಮ ಕ್ಯಾಂಬ್ರಿಯಾ ಪ್ಲೇಸ್ ಪ್ರಶ್ನೆಗೆ ಕೀಲಿಕೈ ಇದೇ ಕೊನೆಯ ಅಂಕಣ. 1871ರ ಪುಟ ತೆಗೆದು ಹುಟ್ಟೂರು ಮತ್ತು ಕಸುಬಿನ ಸಾಲುಗಳನ್ನು ಜೋಡಿಸಿ ಓದಿ. 1861ರಲ್ಲಿ ಕಾರ್ಖಾನೆಯೊಳಗೆ ಹಳಿ ಎಳೆಯುವ ರೋಲಿಂಗ್ ಮಿಲ್ ತೆರೆದಾಗ ಕಬ್ಬಿಣದ ಕೆಲಸ ಬಲ್ಲವರನ್ನು ದಕ್ಷಿಣ ವೇಲ್ಸಿನಿಂದ ಕರೆತಂದರು. ಅವರಿಗಾಗಿ ಎದ್ದ ಬೀದಿ ಇದು. ಪರನಾಡಿನಲ್ಲಿ ತಮ್ಮ ಭಾಷೆಯ ಪ್ರಾರ್ಥನೆಗೆಂದು ಮಂದಿರ ಕಟ್ಟಿಕೊಂಡವರ ಕಥೆ ಕನ್ನಡಿಗರಿಗೆ ವಿವರಿಸಬೇಕಾದದ್ದೇನಲ್ಲ.

ಎರಡು ಗಣತಿಗಳ ನಡುವಿನ ವರ್ಷಗಳಿಗೆ ವ್ಯಾಪಾರ ಡೈರೆಕ್ಟರಿಗಳಿವೆ, ಕೆಲ್ಲಿಯವರದು ಪ್ರಸಿದ್ಧ. ಲೆಸ್ಟರ್ ವಿಶ್ವವಿದ್ಯಾಲಯ ಬಹಳಷ್ಟನ್ನು ಉಚಿತವಾಗಿ ಜಾಲದಲ್ಲಿಟ್ಟಿದೆ. ಅಂಗಡಿಕಾರರು, ಪಾದ್ರಿಗಳು, ಹೋಟೆಲಿನವರು ಅವುಗಳಲ್ಲಿ ತುಂಬಿದ್ದಾರೆ; ಕೂಲಿಯವರು ಮಾತ್ರ ವಿರಳ, ಏಕೆಂದರೆ ಡೈರೆಕ್ಟರಿ ಮಾರಾಟದ ಸರಕು.

ನಾಗರಿಕ ನೋಂದಣಿ 1837ರ ಜುಲೈ 1ರಿಂದ. ‘ಫ್ರೀಬಿಎಂಡಿ’ ತಾಣದಲ್ಲಿ ಸೂಚಿ ಉಚಿತ. ಅದಕ್ಕೂ ಹಿಂದೆ ಪ್ಯಾರಿಷ್ ರಿಜಿಸ್ಟರುಗಳು, 1538ರ ಆಜ್ಞೆಯಿಂದ ಆರಂಭ. ಉಳಿದುಬಂದದ್ದು ಊರೂರಿಗೆ ಬೇರೆ. 1752ಕ್ಕೆ ಮೊದಲು ಇಂಗ್ಲೆಂಡಿನ ಅಧಿಕೃತ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ರಂದು. ರಿಜಿಸ್ಟರಿನಲ್ಲಿ 1720ರ ಫೆಬ್ರವರಿ ಎಂದಿದ್ದರೆ ನಮ್ಮ ಲೆಕ್ಕದಲ್ಲಿ ಅದು 1721. ಮದುವೆಗೆ ಮುಂಚೆ ಮಗು ಹುಟ್ಟಿದಂತೆ ಕಾಣುವ ಎಷ್ಟೋ ‘ಹಗರಣ’ಗಳು ಇಷ್ಟರಿಂದಲೇ ಕರಗಿಹೋಗುತ್ತವೆ.

ಉಯಿಲುಗಳ ವಿಷಯ ಚಿಕ್ಕದು: 1858ರ ನಂತರದವು ರಾಷ್ಟ್ರೀಯ ಸೂಚಿಯಲ್ಲಿ, ಅದಕ್ಕೂ ಹಿಂದಿನವು ಚರ್ಚ್ ನ್ಯಾಯಾಲಯಗಳ ಕಡತದಲ್ಲಿ.

ಪತ್ರಿಕೆಗಳು

ಸ್ವಿಂಡನ್ ಅಡ್ವರ್ಟೈಸರ್ ಶುರುವಾದದ್ದು 1854ರಲ್ಲಿ. ಅದಕ್ಕೂ ಮೊದಲಿನ ಸುದ್ದಿ ಬೇಕಿದ್ದರೆ ಡಿವೈಜಸ್ ಮತ್ತು ಸಾಲ್ಸ್‌ಬರಿಯ ಪತ್ರಿಕೆಗಳನ್ನು ನೋಡಬೇಕು. ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ಹುಡುಕುವುದು ಸುಲಭ, ಆದರೆ ಯಂತ್ರ ಓದಿದ ಅಕ್ಷರಗಳಲ್ಲಿ ತಪ್ಪು ಬಹಳ. ಹೆಸರು ಸಿಗದಿದ್ದರೆ ಬೀದಿಯ ಹೆಸರು ಹಾಕಿ, ಕಸುಬು ಹಾಕಿ, ವರ್ಷದ ವ್ಯಾಪ್ತಿ ಕಿರಿದಾಗಿಸಿ. ಜಾಹೀರಾತು ಮತ್ತು ಹರಾಜು ಪ್ರಕಟಣೆಗಳನ್ನು ಬಿಡಬೇಡಿ. ಮನೆಯೊಂದರಲ್ಲಿ ಎಷ್ಟು ಕೋಣೆ, ಬಾಡಿಗೆ ಎಷ್ಟು, ಬಾವಿ ಇತ್ತೇ ಎಂಬುದು ಸುದ್ದಿಯಲ್ಲಿ ಬರುವುದಿಲ್ಲ, ಹರಾಜಿನ ಸೂಚನೆಯಲ್ಲಿ ಬರುತ್ತದೆ.

ಪತ್ರಾಗಾರಕ್ಕೆ ಹೋಗುವ ಮುನ್ನ, ಹೋದ ಮೇಲೆ

ಸ್ವಿಂಡನ್‌ನ ಮೂಲಪತ್ರಗಳು ಹೆಚ್ಚಾಗಿ ಸ್ವಿಂಡನ್‌ನಲ್ಲಿಲ್ಲ. ಅವು ಇರುವುದು ಚಿಪ್ಪೆನ್‌ಹ್ಯಾಮ್ ರೈಲು ನಿಲ್ದಾಣದ ಬಳಿಯ ವಿಲ್ಟ್‌ಶೈರ್ ಆ್ಯಂಡ್ ಸ್ವಿಂಡನ್ ಹಿಸ್ಟರಿ ಸೆಂಟರ್‌ನಲ್ಲಿ. 1563ರಿಂದ 1927ರವರೆಗೆ ಸ್ವಿಂಡನ್ ಮೇನರಿನ (ಜಹಗೀರಿನಂಥ ಭೂಹಿಡುವಳಿಯ) ಒಡೆಯರಾಗಿದ್ದ ಗಾಡರ್ಡ್ ಮನೆತನದ ಕಾಗದಪತ್ರಗಳನ್ನೂ ಅಲ್ಲಿಯೇ ಕೇಳಬೇಕು. ಹೊರಡುವ ಮುನ್ನ ರಾಷ್ಟ್ರೀಯ ದಾಖಲಾಗಾರದ ‘ಡಿಸ್ಕವರಿ’ ಎಂಬ ಸೂಚಿಯಲ್ಲಿ ಊರಿನ ಹೆಸರು ಹಾಕಿ ನೋಡಿ. ಅದು ದೇಶದ ನೂರಾರು ಪತ್ರಾಗಾರಗಳ ಪಟ್ಟಿಯನ್ನು ಒಟ್ಟಿಗೆ ತೋರಿಸುತ್ತದೆ. ಬೇಕಾದ ಕಡತದ ಸಂಖ್ಯೆ ಬರೆದುಕೊಂಡು, ಓದುಕೋಣೆಯಲ್ಲಿ ಜಾಗ ಕಾದಿರಿಸಿ, ಸಾಧ್ಯವಿದ್ದರೆ ಕಡತಗಳನ್ನೂ ಮುಂಚಿತವಾಗಿ ಕೇಳಿಡಿ. ಕ್ಯೂನಲ್ಲಿ ಮೂಲಪತ್ರ ನೋಡಲು ಓದುಗರ ಚೀಟಿ ಬೇಕು, ಅದು ಉಚಿತ. ಗುರುತು ಮತ್ತು ವಿಳಾಸದ ಪುರಾವೆ ಒಯ್ಯಿರಿ.

ಒಳಗೆ ಪೆನ್ನು ನಿಷಿದ್ಧ, ಸೀಸದ ಕಡ್ಡಿ ಮಾತ್ರ. ಚೀಲ, ನೀರು, ತಿಂಡಿ ಹೊರಗಿನ ಕಪಾಟಿನಲ್ಲಿ. ಕ್ಯಾಮೆರಾ ಬಳಸುವಂತಿದ್ದರೆ ಶುಲ್ಕವಿದೆಯೇ ಎಂದು ಕೇಳಿ. ಚಿತ್ರ ತೆಗೆಯುವಾಗ ಪ್ರತಿ ಪುಟದ ಪಕ್ಕದಲ್ಲಿ ಕಡತದ ಸಂಖ್ಯೆ ಬರೆದ ಚೀಟಿ ಇಡಿ. ಚೀಟಿಯಿಲ್ಲದ ಇನ್ನೂರು ಚಿತ್ರಗಳು ಮನೆಗೆ ಬಂದ ಮೇಲೆ ಯಾತಕ್ಕೂ ಬಾರವು.

1733ರವರೆಗೆ ನ್ಯಾಯಾಲಯ ಮತ್ತು ಮೇನರಿನ ದಾಖಲೆಗಳು ಬಹುಪಾಲು ಲ್ಯಾಟಿನ್‌ನಲ್ಲಿವೆ. ಟ್ಯೂಡರ್ ಕಾಲದ ಇಂಗ್ಲಿಷ್ ಬರವಣಿಗೆಯೂ ಮೊದಲ ನೋಟಕ್ಕೆ ಮೋಡಿ ಲಿಪಿಯಷ್ಟೇ ದಿಗಿಲು ಹುಟ್ಟಿಸುತ್ತದೆ. ರಾಷ್ಟ್ರೀಯ ದಾಖಲಾಗಾರದ ಉಚಿತ ಲಿಪಿಪಾಠಗಳಿವೆ. ಆದರೂ ಮೊದಲ ಭೇಟಿಗೆ ಹತ್ತೊಂಬತ್ತನೆಯ ಶತಮಾನದ ಶಾಲೆಯೊಂದರ ಲಾಗ್ ಪುಸ್ತಕ ಕೇಳಿ ಎಂಬುದು ನನ್ನ ಸಲಹೆ. 1860ರ ದಶಕದಿಂದ ಮುಖ್ಯೋಪಾಧ್ಯಾಯರು ಅನುದಾನದ ನಿಯಮಕ್ಕೆ ಕಟ್ಟುಬಿದ್ದು ಬರೆದ ಈ ಟಿಪ್ಪಣಿಗಳಲ್ಲಿ ಜ್ವರ, ಮಳೆ, ಗೈರುಹಾಜರಿ, ಸುಗ್ಗಿ ಎಲ್ಲವೂ ಇವೆ, ಕೈಬರಹವೂ ಓದುವಂತಿರುತ್ತದೆ.

ಊರಿನ ಕಸುಬಿನ ಬೆನ್ನು ಹತ್ತಿ

ಪ್ರತಿ ಪಟ್ಟಣಕ್ಕೂ ಒಂದು ದೊಡ್ಡ ಉದ್ಯೋಗದಾತ ಇದ್ದೇ ಇರುತ್ತದೆ, ಅದರ ಕಡತಗಳೇ ಊರಿನ ಇನ್ನೊಂದು ಪತ್ರಾಗಾರ. ಗ್ರೇಟ್ ವೆಸ್ಟರ್ನ್ ನೌಕರರ ದಾಖಲೆ ಕ್ಯೂನ ರೈಲ್ 264 ಸರಣಿಯಲ್ಲಿದೆ. ಬಹಳಷ್ಟನ್ನು ಆನ್ಸೆಸ್ಟ್ರಿಯಲ್ಲೂ ನೋಡಬಹುದು. ಸೇರಿದ ದಿನ, ಕೂಲಿ, ದಂಡ, ಬಡ್ತಿ ಇವೆಲ್ಲ ಅಲ್ಲಿ ಸಿಗುತ್ತವೆ. ಅಪಘಾತಗಳಿಗೆ ‘ರೈಲ್ವೆ ವರ್ಕ್, ಲೈಫ್ ಆ್ಯಂಡ್ ಡೆತ್’ ಎಂಬ ಉಚಿತ ದತ್ತಸಂಚಯವಿದೆ. ಕಾರ್ಮಿಕ ಸಂಘಗಳ ಕಾಗದಗಳಿಗೆ ವಾರ್ವಿಕ್ ವಿಶ್ವವಿದ್ಯಾಲಯದ ಮಾಡರ್ನ್ ರೆಕಾರ್ಡ್ಸ್ ಸೆಂಟರ್. ಹಳೆಯ ಕಾರ್ಖಾನೆಯ ಆವರಣದಲ್ಲೇ ಇರುವ ಸ್ಟೀಮ್ ವಸ್ತುಸಂಗ್ರಹಾಲಯವನ್ನೂ ಸಂಪರ್ಕಿಸಿ.

ಕಂಪನಿಯ ಕಡತ ಕಂಪನಿಯ ಕಣ್ಣಿನಿಂದ ನೋಡುತ್ತದೆ. ಕುಲುಮೆಯ ಮುಂದೆ ನಿಂತವನ ಕಣ್ಣೂ ಬೇಕೆಂದರೆ ಆಲ್ಫ್ರೆಡ್ ವಿಲಿಯಮ್ಸ್ ಇದ್ದಾನೆ. ಸ್ವಿಂಡನ್ ಬಳಿಯ ಸೌತ್ ಮಾರ್ಸ್ಟನ್‌ನವನು, ಕಾರ್ಖಾನೆಯಲ್ಲಿ ಆವಿ ಸುತ್ತಿಗೆಯ ಕೆಲಸಗಾರ. ಅಲ್ಲಿನ ಬದುಕಿನ ಬಗ್ಗೆ 1915ರಲ್ಲಿ ಪುಸ್ತಕ ಪ್ರಕಟಿಸಿದ. ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿ ಭಾರತಕ್ಕೆ ಬಂದು ಹೋದವನು ಮುಂದೆ ಸಂಸ್ಕೃತ ಕಲಿತು ಪಂಚತಂತ್ರದ ಕಥೆಗಳನ್ನು ಇಂಗ್ಲಿಷಿಗೆ ತಂದ. ಇಂಥವರು ಪ್ರತಿ ಊರಿನಲ್ಲೂ ಒಬ್ಬರಾದರೂ ಇರುತ್ತಾರೆ. ಸ್ಥಳೀಯ ವಿಭಾಗದ ಸಿಬ್ಬಂದಿಯನ್ನು ಕೇಳಿದರೆ ಹೆಸರು ಹೇಳುತ್ತಾರೆ.

ಕಟ್ಟಡ, ಚಿತ್ರ, ಬಾಯಿಮಾತು

ರಕ್ಷಿತ ಕಟ್ಟಡಗಳ ರಾಷ್ಟ್ರೀಯ ಪಟ್ಟಿ ಜಾಲದಲ್ಲಿದೆ. 1850ರ ದಶಕದಲ್ಲಿ ಕಟ್ಟಿದ ಸ್ವಿಂಡನ್‌ನ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಷನ್ ಎಂಬ ಕಾರ್ಮಿಕರ ಕಲಿಕೆ-ಮನರಂಜನೆಯ ಕೇಂದ್ರಕ್ಕೆ ಅಲ್ಲಿ ಎರಡನೆಯ ದರ್ಜೆಯ ತಾರಾಂಕಿತ (ಗ್ರೇಡ್ II*) ಸ್ಥಾನ. ಇಡೀ ಇಂಗ್ಲೆಂಡಿನ ಕಟ್ಟಡಗಳ ಛಾಯಾಚಿತ್ರಗಳನ್ನಿಟ್ಟಿರುವ ಹಿಸ್ಟಾರಿಕ್ ಇಂಗ್ಲೆಂಡ್ ಪತ್ರಾಗಾರ ಇರುವುದೂ ಇದೇ ಊರಿನಲ್ಲಿ. ‘ಬ್ರಿಟನ್ ಫ್ರಮ್ ಅಬವ್’ ತಾಣದಲ್ಲಿ 1919ರಿಂದ 1953ರವರೆಗಿನ ವಿಮಾನಚಿತ್ರಗಳಿವೆ.

ಕಾರ್ಖಾನೆಯಲ್ಲಿ ದುಡಿದವರು ಇನ್ನೂ ಬದುಕಿದ್ದಾರೆ. ಸ್ವಿಂಡನ್ ಸೊಸೈಟಿಯಂಥ ಸಂಘಗಳ ಸಭೆಗೆ ಹೋಗಿ, ಹಳೆಯ ಚಿತ್ರವೊಂದನ್ನು ಮುಂದಿಟ್ಟು ಸುಮ್ಮನೆ ಕುಳಿತುಕೊಳ್ಳಿ. ಮಾತು ತಾನಾಗಿ ಹೊರಡುತ್ತದೆ. ಧ್ವನಿ ಮುದ್ರಿಸುವುದಾದರೆ ಲಿಖಿತ ಒಪ್ಪಿಗೆ ಪಡೆಯಿರಿ.

ಇತ್ತೀಚಿನ ಕಾಲಕ್ಕೆ ಬಂದಂತೆ ಪತ್ರಾಗಾರದ ಕಪಾಟು ತೆಳ್ಳಗಾಗುತ್ತದೆ. ಸ್ವಿಂಡನ್‌ನಲ್ಲಿ ಇಂದು ಗೋವಾದ ಕೊಂಕಣಿಗರ ದೊಡ್ಡ ಸಮುದಾಯವಿದೆ. ಈ ಕುಟುಂಬಗಳು ಯಾವಾಗ, ಯಾರ ಬೆನ್ನಿಗೆ ಬಂದವು, ಹಬ್ಬಕ್ಕೆ ಯಾವ ಸಭಾಂಗಣ ಬಾಡಿಗೆಗೆ ಹಿಡಿದರು ಎಂಬುದನ್ನು ಬರೆದಿಡುವ ಅಗತ್ಯ ಯಾವ ಸರ್ಕಾರಿ ಕಚೇರಿಗೂ ಇಲ್ಲ. ನಿಮ್ಮ ಊರಿನ ಕನ್ನಡ ಬಳಗದ ಯುಗಾದಿ ಕರಪತ್ರ, ಕಾರ್ಯಕಾರಿ ಸಮಿತಿಯ ನಡಾವಳಿ, ಚಂದಾ ಪುಸ್ತಕಗಳ ಸ್ಥಿತಿಯೂ ಅದೇ. ಕೌಂಟಿ ಪತ್ರಾಗಾರಗಳು ಇಂಥ ಸಂಗ್ರಹಗಳನ್ನೂ ತೆಗೆದುಕೊಳ್ಳುತ್ತವೆ. ಮೊದಲು ಪತ್ರ ಬರೆದು ಕೇಳಿ. ಪ್ರತಿ ಚಿತ್ರದ ಹಿಂದೆ ಸೀಸದ ಕಡ್ಡಿಯಲ್ಲಿ ಹೆಸರು, ಜಾಗ, ವರ್ಷ ಬರೆಯಿರಿ. ಕನ್ನಡದ ಕಾಗದಗಳಿಗೆ ಒಂದೆರಡು ಸಾಲಿನ ಇಂಗ್ಲಿಷ್ ಸಾರಾಂಶ ಲಗತ್ತಿಸಿ. ಒಪ್ಪಿಸುವುದು ಕೊಡುಗೆಯಾಗಿಯೋ, ಒಡೆತನ ನಿಮ್ಮಲ್ಲೇ ಉಳಿಯುವ ಠೇವಣಿಯಾಗಿಯೋ, ಬದುಕಿರುವವರ ವಿವರಗಳನ್ನು ಎಷ್ಟು ವರ್ಷ ಮುಚ್ಚಿಡಬೇಕು, ಹಕ್ಕುಸ್ವಾಮ್ಯ ಯಾರಲ್ಲಿ ಉಳಿಯುತ್ತದೆ ಎಂಬ ಮೂರನ್ನೂ ಕೈಬಿಡುವ ಮುನ್ನ ಬರಹದಲ್ಲಿ ಪಡೆಯಿರಿ.